ತಳ್ಳುಗಾಡಿಯ ಮೇಲಿನ ತುತ್ತೂರಿ

ಇನ್ನೂ ಆರು ಗಂಟೆಯಾಗಿಲ್ಲ. ಐನರ್ ಮತ್ತು ಗುಡ್ರುನ್ ದಂಪತಿಯ ಮನೆಯ ಮುಂದೆ ತೋವ ಸ್ಕೌಬೋ ಸದ್ದಾಗದಂತೆ ತಳ್ಳುಗಾಡಿ ನಿಲ್ಲಿಸುತ್ತಿದ್ದಾರೆ. ಅದರಲ್ಲೊಂದು ಸ್ಪೀಕರು, ಮೇಲೆ ಲ್ಯಾಪ್‌ಟಾಪು, ಇಬ್ಬನಿ ತಾಗದಿರಲೆಂದು ಹೊದಿಸಿದ ಅಡುಗೆಮನೆಯ ಟವೆಲ್ಲು. ನೆರೆಯವರು ನಿನ್ನೆ ಸಂಜೆಯೇ ಬಾಗಿಲ ಸುತ್ತ ಹಸಿರು ಕಮಾನು ಕಟ್ಟಿ, ಚಿನ್ನದ ಬಣ್ಣದ ಕಾಗದದ ಹೂ ಸಿಕ್ಕಿಸಿದ್ದಾರೆ. ಇಂದು ಈ ಮನೆಯವರ ಮದುವೆಗೆ ಐವತ್ತು ವರ್ಷ. ಒಳಗಿನವರು ನಿದ್ದೆ ನಟಿಸಬೇಕು, ಹೊರಗಿನವರು ತುತ್ತೂರಿ ಊದಿ, ಹಾಡಿ ಎಬ್ಬಿಸಬೇಕು. ಡೆನ್ಮಾರ್ಕಿನ ನಮ್ಮ ಪಶ್ಚಿಮ ಯುಟ್‌ಲ್ಯಾಂಡಿನಲ್ಲಿ ಇದು ತಪ್ಪುವಂತಿಲ್ಲ.

ಊರಿಗೆಲ್ಲ ಹಾಗೆ ಊದುತ್ತಿದ್ದವರು ಐನರ್ ಅವರೇ. ಹೋದ ವರ್ಷ ಲಕ್ವಾ ಹೊಡೆದು ತುಟಿ ಸೊಟ್ಟಗಾಯಿತು, ತುತ್ತೂರಿ ಗೋಡೆ ಸೇರಿತು. ಅದಕ್ಕೆ ಮುಂಚೆ ಒಂದು ಮಧ್ಯಾಹ್ನ ಅವರ ಕೊಟ್ಟಿಗೆಯಲ್ಲಿ ಕೂತು ತೋವ ಅವರು ಊದುವುದನ್ನು ಧ್ವನಿಮುದ್ರಿಸಿಕೊಂಡಿದ್ದರು. ದೊಡ್ಡ ಆಲೋಚನೆಯೇನೂ ಇರಲಿಲ್ಲ. ವಾರವೆಲ್ಲ ಶಾಲೆಯ ಬಸ್ಸು ಓಡಿಸುವ ಇವರಿಗೆ, ತೂಕಡಿಸುವ ಮಕ್ಕಳನ್ನು ಎಬ್ಬಿಸಲು ಒಂದು ಸದ್ದು ಬೇಕಿತ್ತು.

ಶನಿವಾರಗಳಲ್ಲಿ ತೋವ ಡಿಜೆ. ಕಂಪ್ಯೂಟರಿನ ಪರದೆಯ ಒಂದು ಮೂಲೆಯಲ್ಲಿರುವ, ಸದ್ದುಗಳನ್ನು ಕೂಡಿಡುವ ಸ್ಯಾಂಪ್ಲರ್ ಅವರ ಬಂಡವಾಳ. "ಅದೇನು ಮಹಾವಿದ್ಯೆ ಅಲ್ಲ. ಹೊಲಿಗೆ ಡಬ್ಬೀಲಿ ಗುಂಡಿ ಇಟ್ಕೊಳ್ಳಲ್ವಾ, ಹಾಗೇನೆ. ಒಂದೊಂದು ಖಾನೇಲಿ ಒಂದೊಂದು ಸದ್ದು. ಒತ್ತಿದ್ರೆ ಬರುತ್ತೆ, ಹಾಡು ಓಡ್ತಾ ಇದ್ರೂ ಬರುತ್ತೆ," ಎನ್ನುತ್ತಾರೆ. ಕೋಳಿಯ ಕೂಗು, ಚರ್ಚಿನ ಗಂಟೆ, ಐನರ್ ಅವರ ತುತ್ತೂರಿ. ಎಲ್ಲರ ಕಣ್ಣೂ ಬಾಗಿಲ ಮೇಲಿರುವುದರಿಂದ ಗಾಡಿಯ ಹಿಂದೆ ನಿಂತವರನ್ನು ಕೇಳುವವರಿಲ್ಲ.

ಹೋದ ತಿಂಗಳು ಮಾತ್ರ ಎಲ್ಲರೂ ತಿರುಗಿ ನೋಡಿದರು. ಬೇರೊಂದು ಮನೆಯವರ ಮದುವೆಯ ಬೆಳ್ಳಿಹಬ್ಬ. ಸ್ಯಾಂಪ್ಲರಿನ ಸದ್ದು ಹಾಡಿನ ವೇಗಕ್ಕೆ ತಾನೇ ಹೊಂದಿಕೊಳ್ಳುವ ಒಂದು ಏರ್ಪಾಡಿದೆ. ತೋವ ಅದನ್ನು ಆಫ್ ಮಾಡಲು ಮರೆತಿದ್ದರು. ಓಡುತ್ತಿದ್ದುದು ನಿಧಾನದ ಹಾಡು. ತುತ್ತೂರಿಯೂ ಎಳೆದೆಳೆದು ನರಳಿತು. ನಮ್ಮಲ್ಲಿ ತುತ್ತೂರಿ ಹಾಗೆ ನರಳುವುದು ಸ್ಮಶಾನದಲ್ಲಿ ಮಾತ್ರ. ಗಂಡಸರು ಅಭ್ಯಾಸಬಲದಿಂದ ಟೋಪಿ ತೆಗೆದರು. ಯಾರು ಹೋದರೋ ಎಂದು ಮನೆಯೊಡತಿ ಒಳಗಿಂದ ಓಡಿ ಬಂದಳು.

ಸುದ್ದಿ ಕೇಳಿದ ಐನರ್ ಕಡ್ಡಿ ಮುರಿದಂತೆ ಹೇಳಿದರಂತೆ: "ನನ್ನ ಉಸಿರು ತಗೊಂಡು ನನ್ನನ್ನೇ ಹೂಳೋಕೆ ಬರ್ತಾಳಾ? ಆ ಪೆಟ್ಟಿಗೆ ನನ್ನ ಬಾಗಿಲಿಗೆ ಬೇಡ."

ಹೆಂಡತಿ ಗುಡ್ರುನ್ ಗುಟ್ಟಾಗಿ ತೋವಗೆ ಫೋನ್ ಮಾಡಿದರು. "ತಗೊಂಡೇ ಬಾ. ಕಾಯಿಲೆ ಆದಾಗಿಂದ ಜನರ ಮುಖ ನೋಡ್ತಿಲ್ಲ ಅವನು. ತುತ್ತೂರಿ ಇಲ್ಲದೆ ಬೆಳಗಾದ್ರೆ ಇನ್ಯಾವತ್ತೂ ಹೊರಗೆ ಬರಲ್ಲ."

ಅದಕ್ಕೇ ತೋವ ಇಂದು ಹೆಡ್‌ಫೋನಿನಲ್ಲಿ ಮತ್ತೆ ಮತ್ತೆ ಕೇಳಿ ನೋಡುತ್ತಾರೆ. ಪಕ್ಕದ ಮನೆಯ ಪ್ರೆಬೆನ್ ಕೀಟಲೆಗೆಂದೇ ಹುಟ್ಟಿದವನು. "ಟೋಪಿ ಇರ್ಲೋ, ತೆಗೀಲೋ?" ಎಂದು ಪಿಸುಗುಟ್ಟುತ್ತಾನೆ.

"ಬಾಯಿ ಮುಚ್ಕೊಂಡಿರು. ಇನ್ನೊಂದ್ಸಲ ಕೇಳ್ಬೇಕು."

ಒತ್ತುತ್ತಾರೆ. ತುತ್ತೂರಿ ಹುಂಜದಂತೆ ಮೊಳಗುತ್ತದೆ, ಸರಿಯಾದ ವೇಗದಲ್ಲಿ. ಬಾಗಿಲ ಮುಂದೆ ಸೇರಿದ ನಾವೆಲ್ಲ ಹಾಡುತ್ತೇವೆ. ಹಾಡು ಮುಗಿಯುತ್ತದೆ. ಬಾಗಿಲು ತೆರೆಯುವುದಿಲ್ಲ. ತೋವ ಮುಖ ಬಿಳಿಚಿಕೊಂಡು ಟವೆಲ್ಲು ಹಿಂಡುತ್ತಾರೆ.

ಕೊನೆಗೂ ಚಿಲಕ ಸರಿಯುತ್ತದೆ. ರಾತ್ರಿಯಂಗಿಯ ಮೇಲೆ ಮದುವೆಯ ಕೋಟು ತೊಟ್ಟ ಐನರ್ ಕೋಲೂರಿಕೊಂಡು ನೇರವಾಗಿ ಗಾಡಿಯ ಬಳಿ ಬರುತ್ತಾರೆ.

"ಯಾವ ಗುಂಡಿ?"

ತೋವ ತೋರಿಸುತ್ತಾರೆ. ಐನರ್ ಬೆರಳು ಇಳಿಯುತ್ತದೆ. ತುತ್ತೂರಿ ಇನ್ನೊಮ್ಮೆ ಬೀದಿ ತುಂಬುತ್ತದೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿಸಿಕೊಳ್ಳುತ್ತಾರೆ.

"ಚೆನ್ನಾಗೇ ಊದ್ತಿದ್ದೆ ನಾನು," ಎನ್ನುತ್ತಾರೆ ಸೊಟ್ಟ ತುಟಿಯಲ್ಲಿ. "ಒಳಗೆ ಬನ್ನಿ, ಬ್ರೆಡ್ಡು ಆರ್ತಾ ಇದೆ."

ನಾವೆಲ್ಲ ಒಟ್ಟಿಗೇ ಉಸಿರು ಬಿಟ್ಟೆವೆಂದು ಕಾಣುತ್ತದೆ. ಗುಡ್ರುನ್ ನಗುತ್ತಲೇ ಕಣ್ಣೊರೆಸಿಕೊಂಡು ಎಲ್ಲರಿಗೂ ಕಹಿಮದ್ಯದ ಪುಟ್ಟ ಲೋಟ ಹಂಚುತ್ತಾರೆ. ಬೆಣ್ಣೆ ಸವರಿದ ಬ್ರೆಡ್ಡು ಕಚ್ಚುತ್ತ ಐನರ್ ಮೇಜಿನಾಚೆಯಿಂದ ಕೇಳುತ್ತಾರೆ: "ಮುಂದಿನ ಶನಿವಾರ ಯಾರ ಮನೆ? ನಾನೂ ಬರ್ತೀನಿ. ಆ ಗುಂಡಿ ಇನ್ನು ನೀನು ಮುಟ್ಬೇಡ, ತೋವ."

ಇದಕ್ಕೇನಂತೀರಿ ಎಂದು ತೋವ ಅವರ ಕಡೆ ತಿರುಗುತ್ತೇನೆ. ಲೋಟವನ್ನು ಒಂದೇ ಗುಟುಕಿಗೆ ಮುಗಿಸಿ ಅವರು ಹೇಳುತ್ತಾರೆ: "ಗಾಡಿ ತಳ್ಳೋ ಕೆಲಸ ಒಂದು ನನಗೆ ಬಿಟ್ರೆ ಸಾಕು."