ಗೋಡೆಯಾಚೆ ನಿಂತವರು

ಮೊನ್ನೆ ಅಡುಗೆಮನೆಯ ಕಪಾಟು ಒರೆಸುವಾಗ ಹಿಂದಿನ ಮೂಲೆಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ ಸಿಕ್ಕಿತು. ಮೇರಿಮಾತೆಯ ಆಕಾರದ್ದು, ತಲೆಯ ಮೇಲಿನ ನೀಲಿ ಕಿರೀಟವೇ ಮುಚ್ಚಳ. ಒಳಗೆ ಏನೂ ಇರಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ...

ಕೊರೊನಾ ಬಂದ ಮೊದಲ ವರ್ಷ. ನಾವು ಐರ್ಲೆಂಡಿನ ಕ್ಯಾಸಲ್‌ನಾಕ್‌ಗೆ ಬಂದು ಎಂಟು ತಿಂಗಳೂ ಆಗಿರಲಿಲ್ಲ. ನನ್ನ ಗಂಡ ಡಾಕ್ಟರು; ರೋಗಿಗಳನ್ನು ನೋಡುತ್ತಾ ನೋಡುತ್ತಾ ತಾವೇ ಮಲಗಿದರು. ವೆಂಟಿಲೇಟರ್ ಹಾಕಿದರು. ಹೋಗಿ ನೋಡುವ ಹಾಗಿರಲಿಲ್ಲ. ದಿನಕ್ಕೊಮ್ಮೆ, ಬೆಳಿಗ್ಗೆ ಹನ್ನೊಂದಕ್ಕೆ, ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡುತ್ತಿದ್ದರು. ಫೋನ್ ಬರದಿದ್ದರೆ ಭಯ, ಬಂದರೆ ಇನ್ನೂ ಭಯ. ಹತ್ತೂವರೆಗೇ ಫೋನನ್ನು ಎದುರಿಗಿಟ್ಟುಕೊಂಡು ಕೂರುತ್ತಿದ್ದೆ. ದೇವರ ಮುಂದೆ ಕೂತರೆ ಶ್ಲೋಕ ಅರ್ಧಕ್ಕೇ ನಿಂತುಹೋಗುತ್ತಿತ್ತು. ಸುಳ್ಳೇಕೆ ಹೇಳಲಿ, ದೇವರ ಮೇಲೆ ಸಿಟ್ಟೂ ಬಂದಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಐರಿಶ್ ಅಜ್ಜಿ ಒಬ್ಬರೇ ಇದ್ದರು. ವಿಷಯ ತಿಳಿದ ಮಾರನೆಯ ಬೆಳಿಗ್ಗೆ ನಡುವಿನ ಗಿಡ್ಡ ಗೋಡೆಯ ಮೇಲೆ ಈ ಬಾಟಲಿ ಇಟ್ಟು, ಹಿಂದೆ ಸರಿದು, "ಹೋಲಿ ವಾಟರ್. ನಿನ್ನ ಗಂಡನ ಹೆಸರಲ್ಲಿ" ಎಂದರು. ನಾನು ಅಲ್ಲೇ ನಿಂತು ಬಾಟಲಿಯನ್ನು ಸ್ಯಾನಿಟೈಸರ್ ಹಾಕಿ ಉಜ್ಜಿ, ಮೈಸೂರಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

"ತೀರ್ಥ ಅಂದ್ಮೇಲೆ ಯಾವ ದೇವ್ರದ್ದಾದ್ರೇನೇ? ಸುಮ್ನೆ ತಗೋ."

ತಗೊಂಡೆ. ಬಲಗೈ ಗುಳಿ ಮಾಡಿ, ಮೂರು ಸಲ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡೆ. ಅಜ್ಜಿ ಕಿರುಚಿಯೇಬಿಟ್ಟರು. "ಅಯ್ಯೋ, ಕುಡಿದೆಯಾ! ಅದು ಹಣೆಗೆ ಹಚ್ಚಿಕೊಳ್ಳೋದು! ತುಂಬಿಸಿ ಒಂಬತ್ತು ವರ್ಷ ಆಯ್ತು!"

ಗಂಡ ಅಲ್ಲಿ, ನಾನಿಲ್ಲಿ ಹೊಟ್ಟೆ ಕೆಟ್ಟು ಹೋಗುತ್ತೇನೆ ಎಂದು ಗಾಬರಿಯಾಗುವಷ್ಟರಲ್ಲಿ ಫೋನ್ ಬಂತು. ಹನ್ನೊಂದು ಗಂಟೆ. ಎತ್ತಲು ಧೈರ್ಯ ಬರಲಿಲ್ಲ.

"ಎತ್ತು, ಲವ್. ನಾನು ಇಲ್ಲೇ ನಿಂತಿರ್ತೀನಿ" ಎಂದರು ಅಜ್ಜಿ. ಇಲ್ಲಿಯ ಅಜ್ಜಿಯರಿಗೆ ಎಲ್ಲರೂ 'ಲವ್'.

ಅಂದಿನಿಂದ ದಿನಾ ಹತ್ತೂಮುಕ್ಕಾಲಿಗೆ ಕೋಟು ಹಾಕಿಕೊಂಡು ಗೋಡೆಯಾಚೆ ಬಂದು ನಿಲ್ಲುತ್ತಿದ್ದರು. ಮಳೆ ಬಂದರೂ ನಿಲ್ಲುತ್ತಿದ್ದರು. ನಾನು ಮಾತು ಮುಗಿಸಿ ತಲೆಯಾಡಿಸಿದರೆ "ಗ್ರ್ಯಾಂಡ್, ಒಳ್ಳೇದಾಯ್ತು" ಎಂದು ಒಳಗೆ ಹೋಗುತ್ತಿದ್ದರು, ಅಷ್ಟೇ. ಹತ್ತೊಂಬತ್ತು ದಿನ. ದೇವರು ಕರುಣಾಮಯಿ ಎಂದು ಚಿಕ್ಕಂದಿನಿಂದ ಬಾಯಿಪಾಠ ಹೇಳಿದ್ದೆ. ಆ ಹತ್ತೊಂಬತ್ತು ದಿನ ಅದನ್ನು ಕಣ್ಣಾರೆ ಕಂಡೆ.

ಇವರು ಉಳಿದರು. ಅರ್ಧ ದೇಹವಾಗಿ ಮನೆಗೆ ಬಂದರು.

ಮುಂದಿನ ಚಳಿಗಾಲದಲ್ಲಿ ಅಜ್ಜಿಗೆ ಅದೇ ಕಾಯಿಲೆ ಬಂತು. ಬೆಳಿಗ್ಗೆ ಆಂಬುಲೆನ್ಸ್ ಬಂದು ನಿಂತಿತು. ಮುಖ ಮುಚ್ಚಿದ ಇಬ್ಬರು ಅವರನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದರು. ಗಂಡನ ಶ್ವಾಸಕೋಶ ಇನ್ನೂ ಸರಿಯಾಗಿರಲಿಲ್ಲ, ಮತ್ತೆ ಮನೆಗೆ ಆ ರೋಗ ಬಂದರೆ... ಹೊರಗೆ ಹೋಗಿ ಗೋಡೆಯ ಈಚೆ ನಿಂತಿದ್ದರೆ ಸಾಕಿತ್ತು. ನಾನು ಪರದೆಯ ಹಿಂದೆ ನಿಂತೆ. ಅವರು ಕತ್ತು ತಿರುಗಿಸಿ ನಮ್ಮ ಬಾಗಿಲ ಕಡೆ ನೋಡಿದರು. ಆಂಬುಲೆನ್ಸಿನ ಬಾಗಿಲು ಹಾಕುವವರೆಗೂ ನೋಡುತ್ತಲೇ ಇದ್ದರು.

ಅವರು ವಾಪಸು ಬರಲಿಲ್ಲ. ಶವದ ಕಾರು ನಮ್ಮ ರಸ್ತೆಗೆ ಬಂದಾಗ ಎಲ್ಲರೂ ತಮ್ಮ ತಮ್ಮ ಗೇಟಿನಲ್ಲಿ ಸಾಲಾಗಿ ನಿಂತರು, ಇಲ್ಲಿಯ ಪದ್ಧತಿ ಅದು. ನಾನೂ ನಿಂತೆ. ಆಗ ನಿಂತರೇನು ಬಂತು?

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಕಷ್ಟದಲ್ಲಿ ದೇವರು ಕೈಬಿಡಲಿಲ್ಲ ಎಂದು ಇವರು ಬಂದವರಿಗೆಲ್ಲ ಹೇಳುತ್ತಾರೆ, ನಾನೂ ಹೌದೆನ್ನುತ್ತೇನೆ. ಅದೇ ದೇವರು ಆ ಬೆಳಿಗ್ಗೆ ಅಜ್ಜಿಗಾಗಿ ನನ್ನನ್ನು ಹೊರಗೆ ಕರೆದಿದ್ದ, ನಾನು ಹೋಗಲಿಲ್ಲ ಎಂಬುದನ್ನು ಇವರಿಗೂ ಹೇಳಿಲ್ಲ.