ಹಿಮ್ಮಡಿಯ ಹಿಂದೆ ಬಾತುಗಳ ಸಾಲು

ಕಾಕೂನ ಹಿಮ್ಮಡಿಗಳು ಬಿರಿದಿದ್ದವು. ಬಿರುಕುಗಳಲ್ಲಿ ಸದಾ ಹಸಿ ಮಣ್ಣು. ಆ ಹಿಮ್ಮಡಿಗಳ ಹಿಂದೆ ಅವರ ಬಾತುಕೋಳಿಗಳು ಸಾಲಾಗಿ, ಸೊಂಟ ಕುಲುಕಿಸುತ್ತ ನಡೆಯುತ್ತಿದ್ದವು. ತೊಂಬತ್ತರ ದಶಕದ ಕೊನೆಯಲ್ಲಿ, ಊರಂಚಿನ ಮನೀಶ್ ನಗರ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಳೆಗಾಲದಲ್ಲಿ ಅಲ್ಲೆಲ್ಲ ನೀರು ನಿಂತರೆ, ಮೋಡಗಳು ನಮ್ಮ ಬೀದಿಗೇ ಇಳಿದು ಬಂದಂತೆ ಕಾಣುತ್ತಿತ್ತು.

ನಾನು ಮದುವೆಯಾಗಿ ಮೈಸೂರಿನಿಂದ ಬಂದ ಹೊಸತು. ಯಜಮಾನರು ಏರ್‌ಫೋರ್ಸಿನಲ್ಲಿ, ಬೆಳಿಗ್ಗೆ ಹೋದರೆ ಸಂಜೆಯೇ. ಹಿಂದಿ ಅಷ್ಟಕ್ಕಷ್ಟೆ, ಮರಾಠಿಗಂತೂ ದೇವರೇ ಗತಿ. ಪಕ್ಕದ ಮನೆಯ, ಗದಗದ ಕಡೆಯ ಕಾಕೂ ಬಿಟ್ಟರೆ ಕನ್ನಡದ ಒಂದು ಮಾತಿಗೂ ದಿಕ್ಕಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವರಿಗೆ ಬಾತುಗಳೇ ಸಂಸಾರ. ಮಧ್ಯಾಹ್ನ ಅವು ಒಂದು ಕಣ್ಣು ತೆರೆದೇ ಮಲಗುತ್ತಿದ್ದವು; ಹೊಸ್ತಿಲಿಗೆ ತಲೆಯಿಟ್ಟ ಕಾಕೂನೂ ಹಾಗೆಯೇ. ನಾನು ಅತ್ತು ಬಂದಿದ್ದರೆ ಆ ಅರೆಗಣ್ಣಿಗೆ ತಿಳಿದುಬಿಡುತ್ತಿತ್ತು. "ಮುಖ ತೊಳಕೊಂಡ ಬಾ ತಂಗಿ, ಚಾ ಮಾಡೇನಿ."

ಅವರ ಬಾತುಗಳು ಮೊಟ್ಟೆಯಿಟ್ಟು ಮರೆತುಬಿಡುವ ಜಾತಿ. ಕಾವಿಗೆ ಯಾರದೋ ಮನೆಯ ಹೇಂಟೆಯನ್ನು ತಂದು ಕೂರಿಸುತ್ತಿದ್ದರು. ಆ ವರ್ಷ ಹೇಂಟೆ ಇಪ್ಪತ್ತೊಂದು ದಿನಕ್ಕೇ ತನ್ನ ಕೆಲಸ ಮುಗಿಯಿತೆಂದು ಎದ್ದುಹೋಯಿತು. ಬಾತಿನ ಮೊಟ್ಟೆಗೆ ಇನ್ನೂ ಒಂದು ವಾರ ಬೇಕು. ಕಾಕೂ ಬುಟ್ಟಿಯ ಮೇಲೆ ಬಲ್ಬು ಇಳಿಬಿಟ್ಟು, ಮೊಟ್ಟೆಗಳಿಗೆ ನೀರು ಚಿಮುಕಿಸುತ್ತ ಆ ವಾರ ಕಳೆದರು. ಐದು ಮರಿಗಳಾದವು.

ಅವರು ಹಲ್ಲು ತೋರಿಸಲು ಧರಮಪೇಠದ ಡಾಕ್ಟರರ ಬಳಿ ಹೋದ ದಿನ ಮರಿಗಳು ನನ್ನ ಸುಪರ್ದಿಗೆ ಬಂದವು. ಬಾತಿಗೆ ಈಜು ಯಾರಾದರೂ ಕಲಿಸಬೇಕೆ? ಹಿತ್ತಿಲ ತೊಟ್ಟಿಯಲ್ಲಿ ಬಿಟ್ಟೆ. ಹಳದಿ ಹೂಗಳ ಹಾಗೆ ತೇಲಿದವು. ಮೈಮರೆತು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನೆನೆದು, ಭಾರವಾಗಿ, ಮುಳುಗತೊಡಗಿದವು. ಎತ್ತಿಕೊಳ್ಳುವಷ್ಟರಲ್ಲಿ ಒಂದು ಸತ್ತಿತ್ತು. ಉಳಿದ ನಾಲ್ಕನ್ನು ಸೆರಗಿನಲ್ಲಿ ಎದೆಗೊತ್ತಿಕೊಂಡು ಬಲ್ಬಿನ ಪಕ್ಕ ಕೂತೆ. ಕಾಕೂ ಬಂದಾಗಲೂ ಹಾಗೇ ಕೂತಿದ್ದೆ.

"ಈಜ್ತಾವೆ ಅಂದ್ಕೊಂಡೆ ಕಾಕೂ..."

ಅವರು ಬಯ್ಯಲಿಲ್ಲ. ಸತ್ತ ಮರಿಯನ್ನು ಅಂಗೈಗೆ ತೆಗೆದುಕೊಂಡು ಹೇಳಿದರು: "ತಾಯಿ ರೆಕ್ಕಿ ಕೆಳಗ ಕುಂತ್ರ ಅಕಿ ಮೈಯಾಗಿನ ಎಣ್ಣಿ ಮರಿಗೆ ಹತ್ತತೈತಿ, ನೀರು ಒಳಗ ಇಳಿಯಂಗಿಲ್ಲ. ಇವಕ್ಕ ತಾಯಿ ಎಲ್ಲಿ? ತಮ್ಮ ಎಣ್ಣಿ ಬರೂತನಕ ಬೆಚ್ಚಗ ಇಡಬೇಕು." ಆಮೇಲೆ ನನ್ನ ಒದ್ದೆ ಸೆರಗನ್ನು ಹಿಂಡುತ್ತ, "ನಿನ್ನನ್ನೂ ಹಂಗ ಜಲ್ದಿ ನೀರಿಗೆ ಬಿಟ್ಟಾರ," ಅಂದರು.

ತವರು ಬಿಡುವಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಮರುದಿನದಿಂದ ಕಾಕೂ ನನ್ನನ್ನು ಸಂತೆಗೆ ಕರೆದೊಯ್ಯತೊಡಗಿದರು. ತರಕಾರಿಯವಳ ಮುಂದೆ ನನ್ನನ್ನೇ ನಿಲ್ಲಿಸಿ ಮರಾಠಿ ಆಡಿಸುತ್ತಿದ್ದರು. ತಪ್ಪಿದರೆ ತಾವೇ ಮೊದಲು ನಗುತ್ತಿದ್ದರು.

ಮೂರು ಮಳೆಗಾಲ ಕಳೆದ ಮೇಲೆ, ಶ್ರಾವಣದ ಒಂದು ಬೆಳಿಗ್ಗೆ ಕಾಕೂ ಹೋದರು. ಬಂದವರೊಂದಿಗೆ ಮರಾಠಿಯಲ್ಲೇ ಮಾತಾಡಿ ಎಲ್ಲ ನಿಭಾಯಿಸಿದೆ. ಹೊತ್ತವರು ತಿರುವಿನಲ್ಲಿ ಮರೆಯಾದರು. ಬಾತುಗಳು ಮಾತ್ರ ಗೇಟಿನ ಬಳಿ ಕತ್ತು ಚಾಚಿ, ಯಾರ ಹಿಂದೆ ಹೋಗುವುದೆಂದು ತಿಳಿಯದೆ ನಿಂತಿದ್ದವು. ನಾನು ಚಪ್ಪಲಿ ಕಳಚಿ ಹಸಿ ಮಣ್ಣಿಗಿಳಿದೆ. ಖಾಲಿ ಸೈಟಿನ ನೀರಿನ ಕಡೆಗೆ, ತಿರುಗಿ ನೋಡದೆ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಪಟಪಟ ಹೆಜ್ಜೆಗಳ ಸದ್ದು ಕೇಳಿಸಿತು.