ದೂರಿಲ್ಲದ ಓಣಿಗೆ ಸೊನ್ನೆ

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿಯಿತ್ತು. ಮೈಸೂರಿನ ನಗರಾಡಳಿತದಲ್ಲಿ ನಾನು ಪರಿಸರ ಎಂಜಿನಿಯರ್. ಉದಯಗಿರಿಯ ನೈರ್ಮಲ್ಯ ನನ್ನ ಹೊಣೆ. ಗೋಕುಲಂ ನನ್ನ ಸಹೋದ್ಯೋಗಿ ಪ್ರಭಾಕರನದು. ಇಬ್ಬರೂ ಒಂದೇ ದಿನ ನೌಕರಿಗೆ ಸೇರಿದವರು. ಅವನಿಗೆ ಅಗಲವಾದ ರಸ್ತೆ, ಮರದ ನೆರಳು, ಯೋಗ ಕಲಿಯಲು ಬಂದು ಕಂಡಕಂಡಲ್ಲಿ ಕೈಮುಗಿಯುವ ವಿದೇಶಿಯರು. ನನಗೆ ಗ್ಯಾರೇಜಿನ ಎಣ್ಣೆ ಹರಿಯುವ ಮೋರಿ. ಸಭೆಯಲ್ಲಿ ಅವನನ್ನು ಹೊಗಳಿದಾಗಲೆಲ್ಲ ನಾನೂ ಚಪ್ಪಾಳೆ ತಟ್ಟುತ್ತಿದ್ದೆ, ಒಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರೇಕೆ?

ಆ ವರ್ಷ ದೇಶದ ನಗರಗಳ ವಾಸಯೋಗ್ಯತೆಯ ರ‍್ಯಾಂಕಿಂಗ್ ನೋಡಿ ನಮ್ಮವರೂ ಬಡಾವಣೆಗಳ ರ‍್ಯಾಂಕಿಂಗ್ ಶುರು ಮಾಡಿದರು. ನೀರು, ಕಸ, ರಸ್ತೆ, ಉದ್ಯಾನ, ಹೀಗೆ ಒಂದೊಂದಕ್ಕೂ ಅಂಕ. ಯಾವುದಕ್ಕೆ ಎಷ್ಟು ತೂಕ ಎಂದು ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ಸೋಲು ಗೆಲುವು ಅಲ್ಲೇ ಅರ್ಧ ಮುಗಿದಿರುತ್ತದೆ. ಈ ಸಲ ಹೆಚ್ಚು ತೂಕ ‘ದೂರು ಪರಿಹಾರ’ಕ್ಕೆ. ಮೊದಲ ಸ್ಥಾನ ಪಡೆದ ಬಡಾವಣೆಗೆ ಪೌರಕಾರ್ಮಿಕರ ವಿಶ್ರಾಂತಿ ಕೊಠಡಿ, ಶೌಚಾಲಯ ಸಮೇತ. ಅದು ನನಗೆ ಬೇಕೇ ಬೇಕಿತ್ತು. ನಮ್ಮ ಮಹದೇವಮ್ಮನಂಥ ಹೆಂಗಸರು ನಸುಕಿನಲ್ಲಿ ಪೊರಕೆ ಹಿಡಿದರೆ ಮಧ್ಯಾಹ್ನದವರೆಗೂ ಕೂರಲು ಒಂದು ಜಾಗವಿರಲಿಲ್ಲ. ಪ್ರಭಾಕರನನ್ನು ಸೋಲಿಸುವ ಆಸೆಯೂ ಇತ್ತೆನ್ನಿ.

ಮಧ್ಯಂತರ ಅಂಕ ಬಂದಾಗ ದೂರು ಪರಿಹಾರದಲ್ಲಿ ಗೋಕುಲಂ ಎಲ್ಲರಿಗಿಂತ ಮುಂದೆ, ನಮಗೆ ಸೊನ್ನೆ. ಆ್ಯಪ್‌ನಲ್ಲಿ ದಾಖಲಾಗಿ ಬಗೆಹರಿದ ದೂರಿಗೆ ಮಾತ್ರ ಅಂಕ. ಅಲ್ಲಿನವರು ನಾಲ್ಕು ತರಗೆಲೆ ಬಿದ್ದರೂ ಫೋಟೊ ಹಾಕುತ್ತಿದ್ದರು; ಪ್ರಭಾಕರನ ಕಡೆಯವರು ಗುಡಿಸಿ ಇನ್ನೊಂದು ಫೋಟೊ ಹಾಕುತ್ತಿದ್ದರು. ಉದಯಗಿರಿಯಿಂದ ಒಂದೂ ದೂರು ಬಂದಿರಲಿಲ್ಲ.

ನಾನೇ ಓಣಿ ಓಣಿ ತಿರುಗಿದೆ. ಬಟ್ಟೆ ಹೊಲಿಯುವ ನಸೀಮಾ ಎಂಬಾಕೆಯನ್ನು ಮೋರಿ ಕಟ್ಟಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಬಾಗಿಲಲ್ಲಿ ನಿಂತು ಮಹದೇವಮ್ಮನನ್ನು ಕೂಗುತ್ತಾರಂತೆ, ಅವರು ಬಂದು ಸರಿಮಾಡುತ್ತಾರಂತೆ. ಅದನ್ನೇ ಫೋನಿನಲ್ಲಿ ದೂರಾಗಿ ಹಾಕಿ, ಮಹದೇವಮ್ಮನಿಗೇ ಒಂದು ಕೊಠಡಿ ಸಿಗುತ್ತದೆ ಎಂದು ಬಿಡಿಸಿ ಹೇಳಿದೆ. ನಸೀಮಾ ಹೊಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು.

“ಮಹದೇವಕ್ಕನ ಮೇಲೆ ನಾವು ಕಂಪ್ಲೇಂಟ್ ಕೊಡೋದಾ ಮೇಡಂ? ನಾಳೆ ಅವ್ರ ಸಂಬಳ ಹಿಡ್ದುಬುಟ್ರೆ? ನಮ್ ಕೈಲಾಗಲ್ಲ ಕಣ್ರೀ.”

ದೂರು ಮೋರಿಯ ಮೇಲೆ, ಮಹದೇವಮ್ಮನ ಮೇಲಲ್ಲ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಇಡೀ ಓಣಿಯದು ಅದೇ ಮಾತು. ಪಾಪ ಆ ಹೆಂಗಸು ನಿಮಗೇನು ಮಾಡಿದ್ದಾಳೆ ಎಂದು ಮೆಕ್ಯಾನಿಕ್ ಒಬ್ಬರು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಕಡೆಗೆ ಗೋಕುಲಂ ಮೊದಲು, ಉದಯಗಿರಿ ಕೊನೆ. ಒಂದು ಪಕ್ಷದವರು ಅಲ್ಲಿ ‘ನಂಬರ್ ಒನ್’ ಎಂದು ಫ್ಲೆಕ್ಸ್ ಕಟ್ಟಿಸಿದರು. ಇನ್ನೊಂದು ಪಕ್ಷದವರು ನಮ್ಮ ಕೊನೆಯ ಸ್ಥಾನ ಹಿಡಿದು ಭಾಷಣ ಬಿಗಿದರು. ಅಂಕ ಬಂದದ್ದು ಹೇಗೆಂದು ಇಬ್ಬರೂ ಕೇಳಲಿಲ್ಲ. ಕೊಠಡಿಯ ಉದ್ಘಾಟನೆಯಲ್ಲಿ ಪ್ರಭಾಕರನಿಗೆ ಮೈಸೂರು ಪೇಟ ತೊಡಿಸಿದರು. ಅದು ಅವನಿಗೆ ಒಪ್ಪುತ್ತಲೂ ಇತ್ತು, ಹಾಳಾದ್ದು.

ಮರುದಿನ ಕೊಠಡಿ ಕೈತಪ್ಪಿತೆಂದು ಮಹದೇವಮ್ಮನಿಗೆ ಹೇಳಿದೆ.

“ನಂಗೇನ್ ಬುಡಿ ಅಮ್ಮಾವ್ರೇ, ನಸೀಮಮ್ಮನ ಮನೆ ಬಾಗ್ಲು ತೆಗ್ದೇ ಇರ್ತದೆ. ಅಲ್ಲೇ ಮೊಕ ತೊಳ್ಕೊಂಡು ಟೀ ಕುಡೀತೀನಿ,” ಎಂದವರು, ಸ್ವಲ್ಪ ತಡೆದು, “ಮೇನ್ ರೋಡ್ ಗುಡ್ಸೋ ಪುಟ್ಟಮ್ಮಂಗೆ ಸಿಕ್ಕಿದ್ರೆ ಚೆನ್ನಾಗಿತ್ತು,” ಎಂದರು. ಮೇನ್ ರೋಡಿನಲ್ಲಿ ಬರೀ ಅಂಗಡಿಗಳು, ಬಾಗಿಲು ತೆರೆದಿಡುವ ಮನೆ ಒಂದೂ ಇಲ್ಲ.

ಯಾವ ಊರು ಎಷ್ಟನೇ ಸ್ಥಾನ ಎಂಬ ಸುದ್ದಿ ಕಂಡರೆ ಈಗ ನಾನು ಸ್ಥಾನ ನೋಡುವುದಿಲ್ಲ, ಏನನ್ನು ಎಣಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂದು ಹುಡುಕುತ್ತೇನೆ. ಕೆಲಸ ನನಗೆ ಕಲಿಸಿದ್ದು ಅದು. ಪ್ರಭಾಕರನ ಪೇಟದ ಮೇಲಿನ ಹೊಟ್ಟೆಕಿಚ್ಚು ಯಾವಾಗಲೋ ಆರಿತು. ಮಹದೇವಮ್ಮನ ಮೇಲಿನದು ಇನ್ನೂ ಆರಿಲ್ಲ. ಅಷ್ಟು ವರ್ಷ ಎಷ್ಟೋ ಬಡಾವಣೆಗಳಲ್ಲಿ ನೌಕರಿ ಮಾಡಿದೆ. ನನ್ನ ಮೇಲೆ ಮೇಲಧಿಕಾರಿಗಳಿಗೆ ದೂರು ಬರೆಯಲು ಒಬ್ಬರೂ ಹಿಂದೆಮುಂದೆ ನೋಡಲಿಲ್ಲ.